ನಮ್ಮನ್ನು ನೋಡಿದ ಬಾಸ್‌ಗಳು

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರ ಒಂದು ಕೋಣೆಯೊಳಗೆ ಹೋಗೋಣ.

ಆಟ ‘ಮೆಟಲ್ ಗೇರ್ ಸಾಲಿಡ್’ ಎಂಬ ವಿಡಿಯೊ ಗೇಮ್. 1998ರಲ್ಲಿ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರಕ್ಕೆ ಬಂದದ್ದು. ಎದುರಿಗೆ ಗ್ಯಾಸ್ ಮಾಸ್ಕ್ ಹಾಕಿಕೊಂಡು ಗಾಳಿಯಲ್ಲಿ ತೇಲುವ ಒಬ್ಬ ಬಡಕಲು ಮನುಷ್ಯ. ಹೆಸರು ಸೈಕೋ ಮ್ಯಾಂಟಿಸ್. ನಿನ್ನ ಮನಸ್ಸು ಓದಬಲ್ಲೆ ಅನ್ನುತ್ತಾನೆ. ವಿಲನ್ ಅಂದಮೇಲೆ ಇಂಥ ಮಾತು ಇದ್ದದ್ದೇ ಅಂತ ನಾವು ಸುಮ್ಮನಿರುತ್ತೇವೆ. ಆಮೇಲೆ ಅವನು ನಾವು ಬೇರೆ ಯಾವ ಆಟ ಆಡುತ್ತೇವೆ ಅಂತ ಹೇಳತೊಡಗುತ್ತಾನೆ. ಹೆಸರು ಹಿಡಿದು ಹೇಳುತ್ತಾನೆ!

ಅವನು ಓದಿದ್ದು ನಮ್ಮ ಮೆಮೊರಿ ಕಾರ್ಡನ್ನು, ಅಂದರೆ ಆಟ ಎಲ್ಲಿಯವರೆಗೆ ಆಡಿದೆವು ಅಂತ ಸೇವ್ ಮಾಡಿ ಇಡುವ ಕಾರ್ಡನ್ನು. ಆಟ ತಯಾರಿಸಿದ ಕಂಪನಿಯದೇ ಬೇರೆ ಕೆಲವು ಆಟಗಳ ಸೇವ್ ಅದರಲ್ಲಿದ್ದರೆ ಅವನಿಗೆ ಗೊತ್ತಾಗುತ್ತದೆ. ನಾವು ಪದೇ ಪದೇ ಸೇವ್ ಮಾಡುವವರೋ ಅಲ್ಲವೋ ಅನ್ನೋದೂ ಗೊತ್ತಾಗುತ್ತದೆ. ಕಂಟ್ರೋಲರ್ ನೆಲದ ಮೇಲೆ ಇಡು ಅನ್ನುತ್ತಾನೆ. ಇಟ್ಟರೆ ಅದರ ಒಳಗಿನ ವೈಬ್ರೇಷನ್ ಮೋಟಾರು ಗುರ್ ಅನ್ನುತ್ತದೆ. ಕಂಟ್ರೋಲರ್ ತಾನಾಗಿಯೇ ನೆಲದ ಮೇಲೆ ಸರಿಯುತ್ತದೆ.

ಜಗಳ ಶುರುವಾದರೆ ಒಂದು ಗುಂಡೂ ತಾಗುವುದಿಲ್ಲ. ನಮ್ಮ ಕೈ ಏನು ಮಾಡಲಿದೆ ಅಂತ ಅವನಿಗೆ ಮೊದಲೇ ಗೊತ್ತು. ದಾರಿ ಇರುವುದು ಪರದೆಯ ಹೊರಗೆ. ಕಂಟ್ರೋಲರಿನ ವೈರನ್ನು ಮೊದಲ ಪೋರ್ಟಿನಿಂದ ಕಿತ್ತು ಎರಡನೇ ಪೋರ್ಟಿಗೆ ಚುಚ್ಚಬೇಕು. ಆಗ ಅವನಿಗೆ ನಮ್ಮ ಮನಸ್ಸು ಕಾಣುವುದಿಲ್ಲ. ಕಂಗಾಲಾಗುತ್ತಾನೆ. ಹೊಡೆತ ಬೀಳತೊಡಗುತ್ತದೆ.

ಆಟದ ಒಂದು ಘಟ್ಟದಲ್ಲಿ ಎದುರು ನಿಲ್ಲುವ ಇಂಥ ದೊಡ್ಡ ಎದುರಾಳಿಗೆ ಬಾಸ್ ಅನ್ನುತ್ತಾರೆ. ಹಾಗೆ ನೋಡಿದರೆ ಸೈಕೋ ಮ್ಯಾಂಟಿಸ್ ಕಷ್ಟದ ಬಾಸ್ ಅಲ್ಲ. ಉಪಾಯ ತಿಳಿದರೆ ಹೆಚ್ಚು ಹೊತ್ತು ಬೇಕಾಗಿಲ್ಲ. ಆದರೂ ಆ ಆಟ ಆಡಿದವರು ಯಾರೇ ಸಿಕ್ಕಲಿ, ಮೊದಲು ಎತ್ತುವ ಹೆಸರು ಅವನದೇ. ಯಾಕೆ? ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಅವನು ನಮ್ಮನ್ನು ನೋಡಿದ. ಆಟದೊಳಗಿನ ನಾಯಕನನ್ನಲ್ಲ, ಕಂಟ್ರೋಲರ್ ಹಿಡಿದು ಕೂತ ನಮ್ಮನ್ನು. ಎಷ್ಟೋ ಬಾಸ್‌ಗಳನ್ನು ಸೋಲಿಸಿ ಮರೆತಿದ್ದೇವೆ. ಮರೆಯಲಾಗದೆ ಉಳಿದವರು ಒಂದಲ್ಲ ಒಂದು ರೀತಿಯಲ್ಲಿ ನಮ್ಮನ್ನು ಗಮನಿಸಿದವರು.

ಬಾಸ್ ಅನ್ನುವ ಯೋಚನೆ ಹೊಸದೇನಲ್ಲ. 1970ರ ದಶಕದ ನಡುವಿನಲ್ಲೇ ಪ್ಲೇಟೊ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ‘ಡಿಎನ್‌ಡಿ’ ಅನ್ನುವ ಆಟವಿತ್ತು. ಅದರ ಕೊನೆಯಲ್ಲಿ ಒಂದು ಮಾಂತ್ರಿಕ ಗೋಳ, ಅದನ್ನು ಕಾಯುವ ಚಿನ್ನದ ಡ್ರ್ಯಾಗನ್. ಮೊದಲ ಬಾಸ್ ಅಂತ ಹೆಚ್ಚಿನವರು ಹೆಸರಿಸುವುದು ಅದನ್ನೇ. 1980ರ ‘ಫೀನಿಕ್ಸ್’ ಆರ್ಕೇಡ್ ಆಟದಲ್ಲಿ ಹಕ್ಕಿಗಳ ಹಿಂಡನ್ನು ಹೊಡೆದು ಮುಗಿಸಿದ ಮೇಲೆ ದೊಡ್ಡ ತಾಯಿ ನೌಕೆಯೊಂದು ಇಳಿದು ಬರುತ್ತಿತ್ತು. ಅದರ ಕವಚ ಸ್ವಲ್ಪ ಸ್ವಲ್ಪವೇ ಕೊರೆದು ಒಳಗೆ ಕೂತವನಿಗೆ ಗುರಿ ಇಡಬೇಕು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಬರುವಷ್ಟರಲ್ಲಿ ಅಚ್ಚು ಸಿದ್ಧವಾಗಿತ್ತು. ಕೋಟೆ, ಕೆಳಗೆ ಬೆಂಕಿ, ಮೇಲೊಂದು ಸೇತುವೆ, ಅದರ ಮೇಲೆ ಬೌಸರ್ ಎಂಬ ಖಳ, ಅವನ ಬೆನ್ನ ಹಿಂದೆ ಕೊಡಲಿ. ಬೌಸರ್ ನೆಗೆದಾಗ ಕೆಳಗಿಂದ ನುಸುಳಿ ಓಡಿ ಕೊಡಲಿ ಮುಟ್ಟಿದರೆ ಸಾಕು, ಸೇತುವೆ ಕುಸಿಯುತ್ತದೆ. ಮೊದಲ ಏಳು ಕೋಟೆಗಳಲ್ಲಿ ಇರುವವರು ನಿಜವಾದ ಬೌಸರ್ ಅಲ್ಲವೇ ಅಲ್ಲ. ಬೆಂಕಿಯುಂಡೆ ಎಸೆದು ಕೊಂದರೆ ವೇಷ ಕಳಚಿ ಒಳಗಿದ್ದ ಸಣ್ಣ ಶತ್ರು ಬಯಲಾಗುತ್ತದೆ. ಸೇತುವೆ ಬೀಳಿಸಿಯೇ ಮುಂದೆ ಹೋದವರಿಗೆ ಇದು ಗೊತ್ತೇ ಆಗುವುದಿಲ್ಲ.

ಇವರೆಲ್ಲ ದಾರಿಗೆ ಅಡ್ಡ ನಿಂತ ಗೋಡೆಗಳು. ಒಳ್ಳೆಯ ಗೋಡೆಗಳೇ. ಆದರೆ ಎದುರಿಗೆ ಯಾರು ಬಂದರು ಅಂತ ಗೋಡೆ ನೋಡುವುದಿಲ್ಲ.

ಅವರು ನಮ್ಮನ್ನು ನೋಡುವುದಕ್ಕೆ ಮುಂಚೆ ನಾವು ಅವರನ್ನು ನೋಡುವುದನ್ನು ಕಲಿಯಬೇಕಿತ್ತು. ಆ ಪಾಠ ಹೇಳಿಕೊಟ್ಟದ್ದು 1987ರ ‘ಪಂಚ್-ಔಟ್’ ಅಂತ ನಾನು ನಂಬಿದ್ದೇನೆ. ಬಾಕ್ಸಿಂಗ್ ಆಟ. ಎದುರಾಳಿಗಳೆಲ್ಲ ಬಾಸ್‌ಗಳೇ. ಪ್ರತಿ ಹೊಡೆತಕ್ಕೆ ಮುಂಚೆ ಒಂದು ಸುಳಿವು ಇರುತ್ತದೆ. ಪಿಸ್ಟನ್ ಹೋಂಡಾ ಎಂಬವನ ಹುಬ್ಬು ಕುಣಿದರೆ ಈಗ ಗುದ್ದು ಬಂತು ಅಂತಲೇ ಅರ್ಥ. ಕೊನೆಯಲ್ಲಿ ಮೈಕ್ ಟೈಸನ್. ಮೊದಲ ಒಂದೂವರೆ ನಿಮಿಷ ಅವನ ಅಪ್ಪರ್‌ಕಟ್, ಕೆಳಗಿಂದ ಮೇಲಕ್ಕೆ ಬರುವ ಗುದ್ದು, ಒಂದು ತಾಗಿದರೂ ನೆಲಕ್ಕೆ. ಮೈಯೆಲ್ಲ ಕಣ್ಣಾಗಿ ಕೂರಬೇಕು. ಇನ್ನೊಬ್ಬ ಬಾಲ್ಡ್ ಬುಲ್. ದೂರದಿಂದ ಕುಪ್ಪಳಿಸುತ್ತಾ ನುಗ್ಗಿ ಬರುತ್ತಾನೆ. ಸರಿಯಾದ ಕ್ಷಣಕ್ಕೆ ಗುದ್ದಿದರೆ ಒಂದೇಟಿಗೆ ಬೀಳುತ್ತಾನೆ. ಆ ಕ್ಷಣ ಯಾವುದು? ಹಿಂದೆ ಕೂತ ಜನರ ನಡುವೆ ಒಂದು ಕ್ಯಾಮೆರಾ ಫ್ಲ್ಯಾಶ್ ಮಿಂಚುತ್ತದಲ್ಲ, ಅದೇ. ತಯಾರಕರು ಈ ಗುಟ್ಟು ಬಿಟ್ಟುಕೊಟ್ಟದ್ದು 2009ರಲ್ಲಿ! ಇಪ್ಪತ್ತೆರಡು ವರ್ಷ ಅದು ಎಲ್ಲರ ಕಣ್ಣೆದುರೇ ಮಿಂಚುತ್ತಿತ್ತು.

ಈ ಮುನ್ಸೂಚನೆಯೇ ಇಂದಿಗೂ ಬಾಸ್ ಫೈಟಿನ ಬೆನ್ನೆಲುಬು. ಕತ್ತಿ ಮೇಲೆತ್ತುವುದು, ಭುಜ ಹಿಂದಕ್ಕೆ ಹೋಗುವುದು, ಒಂದು ಉಸಿರಿನಷ್ಟು ತಡೆ. ಅದನ್ನು ಓದಲು ಬಂದರೆ ಗೆಲ್ಲುತ್ತೇವೆ. ಬರದಿದ್ದರೆ ಸೋತು ಸುಣ್ಣವಾಗುತ್ತೇವೆ.

ಈಗ ಇನ್ನೊಂದು ಬದಿಗೆ ಬರೋಣ. ಬಾಸ್ ನಮ್ಮನ್ನು ಓದುವುದು.

‘ಎಲ್ಡನ್ ರಿಂಗ್’ ಆಟದ ಮಲೇನಿಯಾ ಎಂಬ ಬಾಸ್ ನಿಮಗೆಲ್ಲ ಗೊತ್ತು. 2022ರ ಆಟ. ಅವಳ ಬಗ್ಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ಕಷ್ಟದ ಬಗ್ಗೆಯೇ ಇದೆ. ನನಗೆ ಅವಳು ನೆನಪಿರುವುದು ಬೇರೆ ಕಾರಣಕ್ಕೆ. ನಾನು ಆ ಆಟವನ್ನು ಉದ್ದಕ್ಕೂ ಗುರಾಣಿಯ ಮರೆಯಲ್ಲಿ ಆಡಿದವನು. ದೊಡ್ಡ ಗುರಾಣಿ ಮುಂದೆ ಹಿಡಿದು, ಶತ್ರುಗಳು ಹೊಡೆದು ಸುಸ್ತಾದ ಮೇಲೆ ಒಂದೇಟು ಕೊಟ್ಟು, ಮತ್ತೆ ಮರೆಗೆ. ಮಲೇನಿಯಾ ಎದುರೂ ಹಾಗೇ ನಿಂತೆ. ಅವಳ ಏಟು ಗುರಾಣಿಗೆ ಬಿತ್ತು. ನನಗೇನೂ ಆಗಲಿಲ್ಲ. ಆದರೆ ಅವಳ ಹೆಲ್ತ್ ಬಾರ್, ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಪಟ್ಟಿ, ಏರಿತು. ಕಣ್ಣುಜ್ಜಿಕೊಂಡು ನೋಡಿದೆ. ಮತ್ತೊಂದು ಏಟು ತಡೆದೆ. ಮತ್ತೆ ಏರಿತು. ಅವಳ ಹೊಡೆತ ಎಲ್ಲಿ ತಾಗಿದರೂ, ಗುರಾಣಿಗೆ ತಾಗಿದರೂ, ಅವಳಿಗೆ ಜೀವ ಬರುತ್ತದೆ. ಇಷ್ಟು ಗಂಟೆ ನನ್ನನ್ನು ಕಾಪಾಡಿದ ಅಭ್ಯಾಸವೇ ಈಗ ಅವಳಿಗೆ ಊಟ ಹಾಕುತ್ತಿತ್ತು.

ಗುರಾಣಿ ಕೆಳಗಿಟ್ಟೆ. ಬರಿಗೈಯಲ್ಲಿ ನಿಂತ ಹಾಗನ್ನಿಸಿತು. ಆಮೇಲೆ ಎಷ್ಟು ಸಲ ಸತ್ತೆ ಅಂತ ಲೆಕ್ಕ ಇಟ್ಟಿಲ್ಲ. ಆದರೆ ಪ್ರತಿ ಸಲವೂ ಅವಳ ಪಾದ ನೋಡುವುದು ಕಲಿತೆ. ಗಾಳಿಗೆ ಎದ್ದು ಒಂದು ಕಾಲು ಮಡಿಸಿ ಕ್ಷಣ ನಿಲ್ಲುತ್ತಾಳೆ, ನೋಡಿದ್ದೀರಲ್ಲ? ಅಲ್ಲಿಂದ ಕತ್ತಿಯ ಸುರಿಮಳೆ ಶುರು. ಆ ಮಡಿಸಿದ ಕಾಲು ಕಂಡ ಕೂಡಲೇ ಕೈ ತಾನಾಗಿ ಓಡಲು ಶುರು ಮಾಡಿದ ದಿನ, ಅವಳು ಬಿದ್ದಳು. ಬಿದ್ದದ್ದು ಮೊದಲ ಹಂತದಲ್ಲಿ ಮಾತ್ರ. ಕೆಂಪು ಹೂವಿನಂತೆ ಅರಳಿ ಮತ್ತೆ ಎದ್ದಳು. ಅದು ಇನ್ನೊಂದು ವಾರದ ಮಾತು.

ಈ ಬಾಸ್ ಸುತ್ತ ಒಂದು ಒಳ್ಳೆಯ ಕಥೆಯೂ ಹುಟ್ಟಿಕೊಂಡಿತು. ತಲೆಗೆ ಮಡಕೆ ಹಾಕಿಕೊಂಡು, ಮೈಮೇಲೆ ಹೆಚ್ಚೇನೂ ಇಲ್ಲದೆ, ಎರಡು ಕತ್ತಿ ಹಿಡಿದ ಒಬ್ಬ ಆಟಗಾರ ಆನ್‌ಲೈನ್‌ನಲ್ಲಿ ಬೇರೆಯವರ ಆಟಕ್ಕೆ ಬಂದು, ನೀವು ಸುಮ್ನೆ ನಿಂತಿರಿ, ಅವಳನ್ನು ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದ. ನೂರಾರು ಅಪರಿಚಿತರಿಗಾಗಿ ಹೋರಾಡಿದ. ಪ್ರಕಾಶಕರು ಅವನಿಗೆ ನಿಜವಾದ ಕತ್ತಿಯನ್ನೇ ಉಡುಗೊರೆ ಕಳಿಸಿದರು.

‘ಎಲ್ಡನ್ ರಿಂಗ್’ ಮಾಡಿದ ಸ್ಟುಡಿಯೊವೇ 2019ರಲ್ಲಿ ‘ಸೆಕಿರೊ’ ಮಾಡಿತ್ತು. ಅದರಲ್ಲೊಂದು ದೈತ್ಯ ಕೋತಿ ಇದೆ. ಹೆಣಗಾಡಿ ಅದರ ತಲೆ ಕಡಿಯುತ್ತೀರಿ. ಗೆದ್ದಿರಿ ಅಂತ ದೊಡ್ಡ ಅಕ್ಷರ ಪರದೆ ತುಂಬ ಬರುತ್ತದೆ. ನೀವು ಉಸಿರು ಬಿಟ್ಟು ಕಂಟ್ರೋಲರ್ ತೊಡೆಯ ಮೇಲೆ ಇಡುತ್ತೀರಿ. ಕೋತಿ ಎದ್ದು ಕೂರುತ್ತದೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತನ್ನದೇ ತಲೆ. ನೀವು ಕಂಟ್ರೋಲರ್ ಕೆಳಗಿಡುತ್ತೀರಿ ಅಂತ ಆಟ ಮಾಡಿದವರಿಗೆ ಗೊತ್ತಿತ್ತು. ಅದಕ್ಕೇ ಅದು ಮೈ ಜುಮ್ಮೆನ್ನಿಸುತ್ತದೆ.

ಇಲ್ಲಿ ಸಭೆಯಿಂದ ಒಬ್ಬರು ಕೇಳಿದರು: “ಕಷ್ಟ ಇರೋದ್ರಿಂದ ತಾನೆ ಬಾಸ್ ನೆನಪಿರೋದು? ಸುಲಭವಾಗಿ ಬಿದ್ದರೆ ಯಾರಿಗೆ ನೆನಪಿರುತ್ತೆ?”

ಒಳ್ಳೆಯ ಪ್ರಶ್ನೆ. ಬರೀ ಕಷ್ಟವೇ ಸಾಕಾಗಿದ್ದರೆ ‘ಫೈನಲ್ ಫ್ಯಾಂಟಸಿ 12’ರ ಯಿಯಾಜ್ಮ್ಯಾಟ್ ಎಂಬ ಬಾಸ್ ಎಲ್ಲರ ಮನಸ್ಸಿನಲ್ಲಿರಬೇಕಿತ್ತು. ಅದರ ಹೆಲ್ತ್ ಐದು ಕೋಟಿಗೂ ಜಾಸ್ತಿ. 2008ರಲ್ಲಿ ‘ಫೈನಲ್ ಫ್ಯಾಂಟಸಿ 11’ ಆನ್‌ಲೈನ್ ಆಟದಲ್ಲಿ ಪ್ಯಾಂಡಮೋನಿಯಂ ವಾರ್ಡನ್ ಎಂಬ ಬಾಸ್ ಎದುರು ಒಂದು ತಂಡ 18 ಗಂಟೆ ಬಿಡದೆ ಕಾದಾಡಿತು. ಗೆಲ್ಲಲಿಲ್ಲ. ಆಡುವವರ ಆರೋಗ್ಯವೇ ಕೆಡತೊಡಗಿ ನಿಲ್ಲಿಸಬೇಕಾಯಿತು. ಸುದ್ದಿಯಾಯಿತು, ತಯಾರಕರು ಆಮೇಲೆ ಬಾಸ್ ಅನ್ನು ಬದಲಿಸಿದರು. ಆದರೆ ಈಗ ಆ ಕಥೆ ಹೇಳುವವರು ಹೇಳುವುದು 18 ಗಂಟೆಯ ಬಗ್ಗೆ. ಬಾಸ್ ಏನು ಮಾಡುತ್ತಿತ್ತು ಅಂತ ಯಾರೂ ಹೇಳುವುದಿಲ್ಲ. ಉದ್ದ ಇರುವುದೇ ಬೇರೆ, ಆಳ ಇರುವುದೇ ಬೇರೆ.

ಇದಕ್ಕೆ ಎದುರಾಗಿ, ನಮಗೆ ಒಂದೇಟೂ ಹೊಡೆಯದ ಬಾಸ್ ಒಂದಿದೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ಅಷ್ಟು ಇಷ್ಟ ಅದು.

‘ಶ್ಯಾಡೋ ಆಫ್ ದ ಕಲಾಸಸ್’, 2005. ಫುಮಿಟೊ ಉಎಡಾ ನಿರ್ದೇಶಿಸಿದ ಆಟ. ವಿಶಾಲವಾದ ಖಾಲಿ ಭೂಮಿ. ಒಬ್ಬ ಹುಡುಗ, ಅವನ ಕುದುರೆ ಆಗ್ರೊ, ಒಂದು ಕತ್ತಿ, ಒಂದು ಬಿಲ್ಲು. ಸತ್ತುಹೋದ ಹುಡುಗಿಯನ್ನು ಬದುಕಿಸಬೇಕು. ಅದಕ್ಕೆ ಹದಿನಾರು ದೈತ್ಯರನ್ನು ಕೊಲ್ಲಬೇಕು. ಚಿಲ್ಲರೆ ಶತ್ರುಗಳೇ ಇಲ್ಲ. ಬಾಸ್‌ಗಳಷ್ಟೇ ಆಟ.

ಹದಿಮೂರನೆಯ ದೈತ್ಯ ಮರುಭೂಮಿಯ ಮೇಲೆ ಹಾರುತ್ತಿರುತ್ತದೆ. ಹಾವಿನಂತೆ ಉದ್ದ ಮೈ. ಆಕಾಶದಲ್ಲಿ ನಿಧಾನಕ್ಕೆ ಸುತ್ತು ಹಾಕುತ್ತಿರುತ್ತದೆ. ನೀವು ಕೆಳಗೆ ಎಷ್ಟು ಹೊತ್ತು ನಿಂತರೂ ಏನೂ ಮಾಡುವುದಿಲ್ಲ. ಕಿರುಚುವುದಿಲ್ಲ, ಎರಗುವುದಿಲ್ಲ. ಅದರ ಹೊಟ್ಟೆಯಡಿ ಗಾಳಿ ತುಂಬಿದ ಚೀಲಗಳಿವೆ, ಮೂರು. ಕುದುರೆ ಓಡಿಸುತ್ತಾ ಬಾಣ ಬಿಟ್ಟು ಒಂದೊಂದನ್ನೇ ಒಡೆಯಬೇಕು. ಮೂರೂ ಒಡೆದ ಮೇಲೆ ಅದು ಕೆಳಗಿಳಿಯುತ್ತದೆ, ರೆಕ್ಕೆಗಳು ಮರಳು ಸೀಳುತ್ತಾ ಬರುತ್ತವೆ. ಕುದುರೆಯನ್ನು ರೆಕ್ಕೆಯ ಪಕ್ಕಕ್ಕೇ ತಂದು, ನೆಗೆದು, ಅಂಟಿಕೊಳ್ಳಬೇಕು. ರೆಕ್ಕೆ ಮೇಲೇಳುತ್ತದೆ. ಕೆಳಗೆ ಆಗ್ರೊ ಚುಕ್ಕೆಯಾಗುತ್ತಾಳೆ.

ಅಲ್ಲಿ ಮೇಲೆ ನಿಂತ ಸುಖ ಹೇಳಲಾರೆ. ಗಾಳಿ, ಎತ್ತರ, ಎದೆ ಉಬ್ಬಿಸುವ ಸಂಗೀತ. ಹಿಡಿತದ ಗುಂಡನೆಯ ಮಾಪಕ ಕಡಿಮೆಯಾಗುತ್ತಿರುತ್ತದೆ, ಬೆರಳು ಗುಂಡಿಯ ಮೇಲೆ ಬಿಗಿಯಾಗಿರುತ್ತದೆ. ಬೆನ್ನ ಮೇಲಿನ ಗುರುತಿಗೆ ಕತ್ತಿ ಇಳಿಸುತ್ತೀರಿ. ಅದು ನಿಮ್ಮನ್ನು ಕೆಡವಲು ಮರಳಿನೊಳಗೆ ಮುಳುಗುತ್ತದೆ. ತನ್ನನ್ನು ಉಳಿಸಿಕೊಳ್ಳಲು ಅದು ಮಾಡುವುದು ಅಷ್ಟೇ. ಮತ್ತೆ ಹಾರುತ್ತದೆ. ಮತ್ತೆ ಹತ್ತುತ್ತೀರಿ. ಕೊನೆಗೆ ಬೀಳುತ್ತದೆ. ಆ ಹೊತ್ತಿಗೆ ಸಂಗೀತ ಬದಲಾಗುತ್ತದೆ. ಗೆದ್ದವರಿಗೆ ನುಡಿಸುವ ಸಂಗೀತ ಅಲ್ಲ ಅದು. ಯಾರೋ ತೀರಿಕೊಂಡ ಮನೆಯದು. ಅದರ ಮೈಯಿಂದ ಕಪ್ಪು ಎಳೆಗಳು ಹೊರಟು ಹುಡುಗನ ಮೈ ಹೊಕ್ಕುತ್ತವೆ. ಒಂದೊಂದು ದೈತ್ಯ ಬಿದ್ದಂತೆಲ್ಲ ಅವನ ಮುಖ ಕಳೆಗುಂದುತ್ತಾ ಹೋಗುತ್ತದೆ.

ತನ್ನ ಪಾಡಿಗೆ ಹಾರುತ್ತಿದ್ದ ಜೀವ ಅದು. ಹತ್ತಿರ ಹೋದವನು ನಾನು. ಬಾಣ ಬಿಟ್ಟವನು ನಾನು. ಅದು ನನ್ನ ಕಡೆ ತಿರುಗಿಯೂ ನೋಡಲಿಲ್ಲ ನಿಜ. ಆದರೆ ನನ್ನನ್ನು ನಾನೇ ನೋಡುವ ಹಾಗೆ ಮಾಡಿತು. ಕಂಟ್ರೋಲರ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

‘ಡಾರ್ಕ್ ಸೋಲ್ಸ್’ನ ಸಿಫ್ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ ಅಲ್ವಾ? 2011ರ ಆಟ. ಸಿಫ್ ಒಂದು ದೊಡ್ಡ ತೋಳ. ತನ್ನ ಒಡೆಯ ಆರ್ಟೋರಿಯಸ್‌ನ ಸಮಾಧಿಯನ್ನು ಕಾಯುತ್ತಿರುತ್ತದೆ. ಅವನ ಕತ್ತಿಯನ್ನು ಬಾಯಲ್ಲಿ ಕಚ್ಚಿಕೊಂಡು ಕಾದಾಡುತ್ತದೆ. ಹೆಲ್ತ್ ಕೊನೆಗೆ ಬಂದಾಗ ಸಾಮಾನ್ಯವಾಗಿ ಬಾಸ್‌ಗಳು ಕೆರಳುತ್ತವೆ. ಸಿಫ್ ಕುಂಟತೊಡಗುತ್ತದೆ. ಕತ್ತಿ ಬೀಸಲು ಹೋಗಿ ತಾನೇ ಮುಗ್ಗರಿಸುತ್ತದೆ. ಆದರೂ ಸಮಾಧಿ ಬಿಟ್ಟು ಹೋಗುವುದಿಲ್ಲ. ಆ ಒಂದು ಕುಂಟು ನಡಿಗೆ ಎಷ್ಟೋ ಜನರ ಕೈ ನಡುಗಿಸಿದೆ. ಕೊಲ್ಲದೆ ಮುಂದೆ ಹೋಗಲು ದಾರಿಯಿಲ್ಲ.

2012ರಲ್ಲಿ ಈ ಆಟಕ್ಕೆ ಹೆಚ್ಚುವರಿ ಭಾಗವೊಂದು ಬಂತು. ಅದರಲ್ಲಿ ಹಿಂದಿನ ಕಾಲಕ್ಕೆ ಹೋಗುತ್ತೀರಿ. ಅಲ್ಲಿ ಮರಿ ಸಿಫ್ ಅಪಾಯದಲ್ಲಿರುತ್ತದೆ, ಅದನ್ನು ಉಳಿಸಬಹುದು. ಉಳಿಸಿದ ಮೇಲೆ ಸಮಾಧಿಯ ಹತ್ತಿರ ಬಂದರೆ ಕಾದಾಟದ ಮೊದಲಿನ ದೃಶ್ಯವೇ ಬೇರೆ. ತೋಳ ಹತ್ತಿರ ಬರುತ್ತದೆ. ಮೂಸುತ್ತದೆ. ಗುರುತು ಸಿಗುತ್ತದೆ. ಒಮ್ಮೆ ಊಳಿಡುತ್ತದೆ. ಆಮೇಲೆ ಕತ್ತಿ ಎತ್ತಿಕೊಳ್ಳುತ್ತದೆ, ಯಾಕೆಂದರೆ ಕಾವಲು ಕಾವಲೇ. ಜಗಳದಲ್ಲಿ ಒಂದು ಏಟೂ ಬದಲಾಗಿಲ್ಲ. ಆದರೂ ಮೊದಲು ಆಡಿದ ಜಗಳ ಅದಲ್ಲ.

‘ಅಂಡರ್‌ಟೇಲ್’ ಕೂಡ ಇದೇ ದಾರಿಯದು, 2015ರಲ್ಲಿ ಬಂತು. ಹೆಚ್ಚಿನ ಭಾಗ ಟೋಬಿ ಫಾಕ್ಸ್ ಒಬ್ಬರೇ ಮಾಡಿದ್ದು. ಅದರ ಮೊದಲ ದೊಡ್ಡ ಬಾಸ್ ಟೋರಿಯೆಲ್, ನಮ್ಮನ್ನು ತಾಯಿಯಂತೆ ನೋಡಿಕೊಂಡವಳು. ಹೊರಗೆ ಹೋದರೆ ಅಪಾಯ ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ನಮ್ಮ ಹೆಲ್ತ್ ತೀರಾ ಕಡಿಮೆಯಾದರೆ ಅವಳ ಬೆಂಕಿಯುಂಡೆಗಳು ನಮ್ಮನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಸರಿಯುತ್ತವೆ. ಮಾತಿನಲ್ಲಿ ಹೇಳದ್ದನ್ನು ಆ ಉಂಡೆಗಳ ದಾರಿ ಹೇಳುತ್ತದೆ. ಗೊತ್ತಾಗದೆ ಅವಳನ್ನು ಕೊಂದು, ನೊಂದುಕೊಂಡು, ಹಳೆಯ ಸೇವ್ ಲೋಡ್ ಮಾಡಿ ಈ ಸಲ ಉಳಿಸಿದಿರಿ ಅಂತಿಟ್ಟುಕೊಳ್ಳಿ. ಹೊರಗೆ ಫ್ಲವಿ ಎಂಬ ಹೂವು ಕಾಯುತ್ತಿರುತ್ತದೆ. ನೀನು ಅವಳನ್ನು ಕೊಂದಿದ್ದೆ, ಆಮೇಲೆ ಹಿಂದಕ್ಕೆ ಹೋದೆ, ನನಗೆ ಗೊತ್ತು ಅನ್ನುತ್ತದೆ. ಕೊನೆಯ ಹತ್ತಿರ ರಾಜ ಆಸ್ಗೋರ್ ಜಗಳ ಶುರುವಾಗುವ ಮುಂಚೆ ತನ್ನ ತ್ರಿಶೂಲದಿಂದ ಪರದೆಯ ಮೇಲಿನ ‘ಮರ್ಸಿ’ ಗುಂಡಿಯನ್ನೇ ಒಡೆದು ಹಾಕುತ್ತಾನೆ. ಕರುಣೆಯ ಗುಂಡಿ, ಎದುರಾಳಿಯನ್ನು ಕೊಲ್ಲದೆ ಬಿಡಲು ಒತ್ತುವಂಥದ್ದು. ಇಡೀ ಆಟ ಅದನ್ನೇ ಒತ್ತಿಕೊಂಡು ಬಂದವರಿಗೆ ಹೇಗಾಗಬೇಡ!

‘ಹಾಲೋ ನೈಟ್’ನ ಮ್ಯಾಂಟಿಸ್ ಲಾರ್ಡ್ಸ್ ಬಗ್ಗೆ ಎರಡು ಮಾತು. ಮೂವರು ಸೋದರಿಯರು, ಮೂರು ಸಿಂಹಾಸನ. ನೀವೇ ಹೋಗಿ ಸವಾಲು ಹಾಕಬೇಕು. ಮೊದಲು ಒಬ್ಬಳು ಇಳಿದು ಬರುತ್ತಾಳೆ. ಅವಳು ಸೋತರೆ ಉಳಿದಿಬ್ಬರು ಒಟ್ಟಿಗೆ. ಮೂವರೂ ಸೋತ ಮೇಲೆ ಸಾಯುವುದಿಲ್ಲ, ತಲೆ ಬಾಗಿಸುತ್ತಾರೆ. ವಾಪಸ್ ಹೋಗುವಾಗ, ಬರುವಾಗ ಮೇಲೆ ಬಿದ್ದು ಕೊಚ್ಚುತ್ತಿದ್ದ ಅದೇ ಊರಿನ ಯೋಧರು ಈಗ ಅಡ್ಡ ಬರುವುದಿಲ್ಲ. ಅವರೂ ಬಾಗುತ್ತಾರೆ. ಬಹುಮಾನವಾಗಿ ಸಿಗುವ ವಸ್ತುವಿಗಿಂತ ಆ ವಾಪಸ್ ದಾರಿ ದೊಡ್ಡದು.

ಸೋತವರನ್ನು ಗಮನಿಸುವ ರೀತಿಯೂ ಒಂದಿದೆ. 2017ರ ‘ಕಪ್‌ಹೆಡ್’ನಲ್ಲಿ ಸತ್ತ ಕೂಡಲೇ ಒಂದು ಗೆರೆ ತೋರಿಸುತ್ತಾರೆ, ಬಾಸ್ ಮುಗಿಯಲು ಇನ್ನೆಷ್ಟು ಉಳಿದಿತ್ತು ಅಂತ. ಕಪ್ ತಲೆಯ ನಮ್ಮ ಪುಟ್ಟ ನಾಯಕ ಆ ಗೆರೆಯ ಮೇಲೆ ಓಡಿ, ಗುರಿಯ ಬಾವುಟದ ಹತ್ತಿರ ಹತ್ತಿರ ಹೋಗಿ ನಿಲ್ಲುತ್ತಾನೆ. ಇಷ್ಟೇ ಇಷ್ಟು ಬಾಕಿ ಇತ್ತಾ! ಮತ್ತೆ ಗುಂಡಿ ಒತ್ತದೆ ಇರಲು ಸಾಧ್ಯವೇ ಇಲ್ಲ.

ಶುರು ಮಾಡಿದ ಸರಣಿಗೇ ವಾಪಸ್ ಬರುತ್ತೇನೆ. 2004ರ ‘ಮೆಟಲ್ ಗೇರ್ ಸಾಲಿಡ್ 3’. ಹಿಡೆಯೊ ಕೊಜಿಮಾ ಅವರದು. ಇದರಲ್ಲಿ ದಿ ಎಂಡ್ ಎಂಬ ಹಣ್ಣು ಹಣ್ಣು ಮುದುಕ ಸ್ನೈಪರ್ ಇದ್ದಾನೆ. ಕಾಡಿನಲ್ಲಿ ಅವನನ್ನು ಹುಡುಕಿ ಹುಡುಕಿ ಸಾಕಾಗಿ, ಜಗಳದ ನಡುವೆ ಸೇವ್ ಮಾಡಿ, ಒಂದು ವಾರಕ್ಕಿಂತ ಜಾಸ್ತಿ ಆಟ ಮುಟ್ಟದೆ ಬಿಟ್ಟರೆ, ವಾಪಸ್ ಬರುವಷ್ಟರಲ್ಲಿ ಅವನು ವಯಸ್ಸಾಗಿ ತೀರಿಕೊಂಡಿರುತ್ತಾನೆ. ದಿ ಸಾರೋ ಎಂಬ ಇನ್ನೊಬ್ಬ ಬಾಸ್ ಆಗಲೇ ಸತ್ತವನು. ಅವನ ಜೊತೆ ಜಗಳವೇ ಇಲ್ಲ. ಒಂದು ನದಿಯಲ್ಲಿ ನಡೆಯಬೇಕು, ಅಷ್ಟೇ. ಎದುರಿನಿಂದ ನೀವು ಅಲ್ಲಿಯವರೆಗೆ ಕೊಂದವರೆಲ್ಲ ನಡೆದು ಬರುತ್ತಾರೆ. ಕುತ್ತಿಗೆ ಕೊಯ್ದಿದ್ದರೆ ಕೊಯ್ದ ಕುತ್ತಿಗೆ ಹಿಡಿದುಕೊಂಡೇ ಬರುತ್ತಾರೆ. ಯಾರನ್ನೂ ಕೊಲ್ಲದೆ ಹುಷಾರಾಗಿ ನುಸುಳಿ ಬಂದವರಿಗೆ ನದಿ ಬಹುಮಟ್ಟಿಗೆ ಖಾಲಿ. ನನ್ನ ನದಿ ಖಾಲಿ ಇರಲಿಲ್ಲ. ಬಹಳ ಹೊತ್ತು ನಡೆದೆ.

ಕೊನೆಗೆ ದಿ ಬಾಸ್. ಹೆಸರೇ ಅದು. ನಾಯಕ ಸ್ನೇಕ್‌ಗೆ ಕೈಕೈ ಮಿಲಾಯಿಸುವುದರಿಂದ ಹಿಡಿದು ಎಲ್ಲ ಕಲಿಸಿದ ಗುರು. ಬಿಳಿ ಹೂವಿನ ಒಂದು ಬಯಲು. ಹತ್ತು ನಿಮಿಷ ಸಮಯ. ಅಷ್ಟರಲ್ಲಿ ಮುಗಿಯದಿದ್ದರೆ ಬಾಂಬು ಬೀಳುತ್ತದೆ. ಇಷ್ಟು ಗಂಟೆ ನಾವು ಬಳಸಿದ ಪಟ್ಟುಗಳೆಲ್ಲ ಅವಳೇ ಹೇಳಿಕೊಟ್ಟವು, ಹಿಡಿಯಲು ಹೋದರೆ ಅವಳೇ ನಮ್ಮನ್ನು ಎತ್ತಿ ಹಾಕುತ್ತಾಳೆ. ಬಿಳಿ ಉಡುಪು, ಬಿಳಿ ಹೂವು, ಎಲ್ಲಿದ್ದಾಳೆ ಅಂತ ಕಣ್ಣು ಕಿರಿದು ಮಾಡಿ ಹುಡುಕಬೇಕು. ಸಮಯ ಕರಗುತ್ತಾ ಬಂದಂತೆ ಆಟದ ಹಾಡು ಕೇಳತೊಡಗುತ್ತದೆ.

ಅವಳು ಬೀಳುತ್ತಾಳೆ. ಹೇಳಬೇಕಾದದ್ದನ್ನು ಹೇಳುತ್ತಾಳೆ. ತನ್ನ ಬಂದೂಕು ಸ್ನೇಕ್ ಕೈಗೆ ಕೊಡುತ್ತಾಳೆ. ಸ್ನೇಕ್ ಗುರಿ ಹಿಡಿಯುತ್ತಾನೆ. ಕ್ಯಾಮೆರಾ ದೂರ ಸರಿದು ನಿಲ್ಲುತ್ತದೆ. ಹೂವಿನ ನಡುವೆ ಮಲಗಿದವಳು, ಅವಳ ಮೇಲೆ ನಿಂತವನು. ಕಟ್‌ಸೀನ್, ಅಂದರೆ ನಾವು ಆಡದೆ ಬರೀ ನೋಡುವ ದೃಶ್ಯ, ಇನ್ನೂ ನಡೆಯುತ್ತಿದೆ ಅಂದುಕೊಂಡು ನಾನು ಕಾದೆ. ಏನೂ ಆಗಲಿಲ್ಲ. ಪರದೆಯ ಮೇಲೆ ಯಾವ ಗುಂಡಿಯ ಚಿತ್ರವೂ ಬರಲಿಲ್ಲ. ಇನ್ನೂ ಸ್ವಲ್ಪ ಕಾದೆ. ಆಮೇಲೆ ಗೊತ್ತಾಯಿತು, ಆಟವೂ ಕಾಯುತ್ತಿದೆ. ನನಗಾಗಿ.

ಹೆಬ್ಬೆರಳು ಚೌಕದ ಗುಂಡಿಯ ಮೇಲೆ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ಒತ್ತಿದೆ. ಬಯಲಿನ ಬಿಳಿ ಹೂಗಳೆಲ್ಲ ಕೆಂಪಾದವು.